ಸೊಸೆಯ ಎಡಗಾಲು ಮತ್ತು ಗೃಹಪ್ರವೇಶ

ಕೊರೊನಾ ಮುಗಿದ ಮಾರನೆಯ ವರ್ಷದ ಮಾತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನ ಮೆಡಿಕಲ್ ಸ್ಟೋರ್ ಇದೆ. ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದುಕೊಂಡೇ ಡಿ.ಫಾರ್ಮಾ ಓದಿ, ಏಜೆನ್ಸಿಯವರೊಂದಿಗೆ ಚೌಕಾಸಿ ಮಾಡಿ ಮಾಡಿ ಕಟ್ಟಿದ ಅಂಗಡಿ. ಗಿರಾಕಿ ಏನು ಕೇಳಿದರೂ ಯಾಕೆ ಎಂದು ಕೆದಕುವುದು ನನ್ನ ಅಭ್ಯಾಸ.

ಶ್ರಾವಣದ ಒಂದು ಬೆಳಿಗ್ಗೆ ಬಿಳಿಗೆರೆಯ ಸಾವಿತ್ರಮ್ಮ ಬಸ್ಸಿಳಿದು ಬಂದರು. ಮಾರನೆಯ ದಿನ ಅವರ ಕಿರಿಮಗನ ಹೊಸ ಮನೆಯ ಗೃಹಪ್ರವೇಶ.

"ಉಳುಕಿಗೆ ಹಚ್ಚೋ ಮುಲಾಮು ಕೊಡವ್ವ. ಚಿಕ್ಕ ಸೊಸೆ ಕಾಲು ಊದ್ಕಂಡೈತೆ. ಎಣ್ಣೆ ಹಾಕಿ ತಿಕ್ಕಿದ್ರೂ ಇಳೀತಿಲ್ಲ."

"ಒಂದು ಕಾಲೋ, ಎರಡೋ?"

"ಎಡಗಾಲು ಒಂದೇಯ. ಮೀನಖಂಡ ಕಲ್ಲಾಗೈತೆ, ಮುಟ್ಟಿದ್ರೆ ಸುಡ್ತೈತೆ."

ನಿಂತು ದುಡಿದರೆ ಸಾಮಾನ್ಯವಾಗಿ ಎರಡೂ ಕಾಲು ಊದುತ್ತವೆ. ಒಂದೇ ಕಾಲು ಊದಿ ಬಿಸಿಯಾದರೆ ಅನುಮಾನಪಡಬೇಕು. ಏನಾದರೂ ಮಾತ್ರೆ ತಗೊಳ್ತಿದ್ದಾಳಾ ಎಂದೆ. ಇಲ್ಲವೆಂದರು. ಬೇರೆ ದಾರಿ ಹಿಡಿದೆ: "ನಾಳೆ ಪೂಜೆ ಹೊತ್ಗೆ ಸೊಸೆ ಹೊರಗಾದ್ರೆ ಏನ್ಮಾಡ್ತೀರಮ್ಮ?"

"ಅದುಕ್ಕೇ ಗುಳಿಗೆ ನುಂಗ್ತಾವ್ಳಲ್ಲ! ಆಶಾದೋರು ದೊಡ್ಡ ಸೊಸೆಗೆ ಪುಕ್ಸಟ್ಟೆ ಕೊಟ್ಟಿದ್ದು. ಅದೂ ಒಂದು ಔಷ್ದಿನಾ?"

ಕೆದಕಿದಾಗ ಎಲ್ಲ ಹೊರಬಿತ್ತು. ಮೊದಲ ಮುಹೂರ್ತಕ್ಕೆ ಮುಟ್ಟು ಅಡ್ಡಬರಬಾರದೆಂದು ಚಿಕ್ಕ ಸೊಸೆ ಲತಾ, ಆಶಾ ಕಾರ್ಯಕರ್ತೆ ಓರಗಿತ್ತಿಗೆ ಕೊಟ್ಟಿದ್ದ ಗರ್ಭನಿರೋಧಕ ಮಾತ್ರೆ ಶುರುಮಾಡಿದ್ದಳು. ಅಷ್ಟರಲ್ಲಿ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಸೂತಕ ಕಳೆಯುವಷ್ಟರಲ್ಲಿ ಆಷಾಢ. ಮುಹೂರ್ತ ಮುಂದೆ ಹೋದಂತೆಲ್ಲ ಮಾತ್ರೆಯೂ ಮುಂದುವರಿಯಿತು.

ಈ ಮಾತ್ರೆ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಮುಟ್ಟು ಮುಂದೂಡಲು ವೈದ್ಯರೇ ಬರೆದುಕೊಡುವುದೂ ಉಂಟು. ಆದರೆ ಕೆಲವರಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಡೀಪ್ ವೇನ್ ಥ್ರಾಂಬೋಸಿಸ್ ಎನ್ನುತ್ತಾರೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ತಿಕ್ಕುವುದಂತೂ ಕೂಡದು.

ರಕ್ತ ಹೆಪ್ಪುಗಟ್ಟಿರಬಹುದು, ಈಗಲೇ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ.

"ನಾಡಿದ್ದು ಹೋಯ್ತೀವಿ ಬುಡವ್ವ. ಗಂಡ ಹೆಂಡ್ತಿ ಕೂರ್ದೆ ಪೂಜೆ ಆಯ್ತದಾ? ನೆಂಟ್ರು ಏನಂದಾರು?"

ಹೆದರಿಸಿದರೆ ಈಕೆ ಜಗ್ಗುವವರಲ್ಲ. ಚೌಕಾಸಿಗೆ ಇಳಿದೆ. "ಪೂಜೆ ನಿಲ್ಲಿಸ್ಬೇಡಿ. ದೊಡ್ಡ ಮಗ, ದೊಡ್ಡ ಸೊಸೆ ಕೂರ್ಲಿ. ಲತಾ ಈಗ್ಲೇ ಹೊರಡ್ಲಿ. ನನ್ನ ಮಾತು ಸುಳ್ಳಾದ್ರೆ ಕಾರಿನ ಬಾಡಿಗೆ ನಂದು."

"ಗುಳಿಗೆ ಮಾರೋಳು ಕಾರೂ ಮಡ್ಗಿದ್ದೀಯೇನೆ?" ಎಂದು ನಕ್ಕರು.

"ಹೊಸ ಮನೆಗೆ ಸೊಸೆ ನಡ್ಕೊಂಡು ಬರ್ಬೇಕಾ, ಹೊತ್ಕೊಂಡು ತರ್ಬೇಕಾ, ಹೇಳ್ಬಿಡಿ."

ನಗು ನಿಂತಿತು. ನನ್ನ ಫೋನಿನಿಂದಲೇ ಕಿರಿಮಗನಿಗೆ ಕರೆಮಾಡಿ, ಲತಾಳನ್ನು ತುಮಕೂರಿಗೆ ಕರೆದೊಯ್ಯಲು ಹೇಳಿದರು.

ದಾರಿಯಲ್ಲೇ ಲತಾಳಿಗೆ ಉಸಿರು ಕಟ್ಟತೊಡಗಿತಂತೆ. ಸ್ಕ್ಯಾನಿಂಗಿನಲ್ಲಿ ಹೆಪ್ಪು ತೊಡೆಯವರೆಗೂ ಇತ್ತು. ಒಂದು ಚೂರು ಆಗಲೇ ಶ್ವಾಸಕೋಶ ಮುಟ್ಟಿತ್ತು. ಅವಳ ತಾಯಿಗೂ ಬಾಣಂತನದಲ್ಲಿ ಹೀಗೇ ಆಗಿತ್ತೆಂಬುದು ವೈದ್ಯರು ವಿಚಾರಿಸಿದ ಮೇಲೆ ತಿಳಿಯಿತು. ವಂಶದಲ್ಲಿ ಹೀಗಿದ್ದರೆ ಈ ಮಾತ್ರೆಯಿಂದ ಅಪಾಯ ಹೆಚ್ಚು. ಮಾತ್ರೆ ಕೊಡುವಾಗ ಅದನ್ನು ಕೇಳಲು ಓರಗಿತ್ತಿಗೆ ಹೇಗೆ ತಿಳಿಯಬೇಕು?

ಜೀವ ಉಳಿಯಿತು. ನಾನು ನೋಡಲು ಹೋದಾಗ ಲತಾ ಮೊದಲು ಕೇಳಿದ್ದು, "ಅಕ್ಕಾ, ಪೂಜೆ ನಿಂತೋಯ್ತಾ?"

"ಇಲ್ಲ ಕಣೇ, ನಿನ್ನ ಓರಗಿತ್ತಿ ಕೂತಿದ್ಲು. ಚೆನ್ನಾಗೇ ಆಯ್ತಂತೆ."

"ಹಂಗಾದ್ರೆ ನಾನಿಲ್ದೇನೂ ಆಯ್ತಿತ್ತು" ಎಂದು ಗೋಡೆಯ ಕಡೆ ತಿರುಗಿದಳು.

ಈಗ ಮುಟ್ಟು ಮುಂದೂಡುವ ಮಾತ್ರೆ ಕೇಳಿ ಬಂದವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಕಳಿಸುವ ಮುಂಚೆ, ಪೂಜೆಗೆ ನಿಮ್ಮ ಬದಲು ಯಾರು ಕೂರಬಹುದು ಎಂದು ಕೇಳುತ್ತೇನೆ. ಯಾರೂ ಇಲ್ಲ ಎಂದೇ ಶುರುಮಾಡುತ್ತಾರೆ. ಇನ್ನೆರಡು ಸಲ ಕೇಳಿದರೆ ಯಾವುದಾದರೂ ಒಂದು ಹೆಸರು ಬಂದೇ ಬರುತ್ತದೆ.