ಗಾಜಿನ ಮೇಲಿನ ಓಕೆ

‘ಸೂರ್ಯ ಬೇಕಾದರೆ ಒಂದು ದಿನ ರಜೆ ಹಾಕಲಿ, ನನ್ನ ಬಸ್ಸು ಹಾಕೋದಿಲ್ಲ’ ಎಂಬುದು ಟೈಮಪ್ಪನ ಮಾತು. ಅವನ ನಿಜವಾದ ಹೆಸರು ಡಿಪೋದವರಿಗಿರಲಿ, ಹೆಂಡತಿಗೇ ಮರೆತುಹೋಗಿತ್ತು. ಅವನ ಬಸ್ಸು ತಿರುವಿನಲ್ಲಿ ಕಂಡರೆ ಅಂಗಡಿಯವರು ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಅವನ ಹಾರ್ನು ಕೇಳದೆ ಆ ಬೀದಿಯ ಹುಂಜಗಳು ಕೂಗುತ್ತಿರಲಿಲ್ಲ ಎಂದೂ ಪ್ರತೀತಿ. ಪ್ರತೀತಿ ಹುಟ್ಟಿಸಿದವನು ಟೈಮಪ್ಪನೇ.

ಅಂಥವನು ಡಿಪೋದ ಮುಷ್ಕರದ ಹಿಂದಿನ ಸಂಜೆ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದ. ಎದುರಿಗೆ ಭಾವಮೈದುನ ಕೂತಿದ್ದ. ಅವನೇ ಡ್ರೈವರುಗಳ ಸಂಘದ ಮುಖಂಡ.

“ಭಾವ, ಬ್ರೇಕ್ ಸವೆದು ಹೋಗಿದೆ ಅಂತ ಹೇಳಿ ಹೇಳಿ ನಮ್ಮ ನಾಲಿಗೇನೂ ಸವೆದುಹೋಯ್ತು. ನಾಳೆ ನಿನ್ನ ಬಸ್ಸು ಅಲ್ಲಾಡಬಾರದು.”

“ನಾವು ನಿಂತ್ರೆ ದೊಡ್ಡವರಿಗೇನೋ ನಷ್ಟ? ಅವರಿಗೆ ಕಾರಿದೆ. ಆಸ್ಪತ್ರೆಗೆ ಹೋಗೋ ಮುದುಕಿ ರಸ್ತೇಲಿ ನಿಂತಿರ್ತಾಳೆ.”

“ಅದೇ ಮುದುಕೀನ ಬ್ರೇಕಿಲ್ಲದ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ? ಹೋಗು, ನೇರವಾಗಿ ವಾರ್ಡೊಳಗೇ ನುಗ್ಗಿಸು.”

ಹೆಂಡತಿ ಸೌಟು ಕುಕ್ಕಿದಳು. “ಇಬ್ಬರೂ ಸುಮ್ನೆ ಊಟ ಮಾಡಿ. ನಾಳೆ ಒಬ್ಬನಿಗೆ ಕೆಲಸ ಇರಲ್ಲ, ಇನ್ನೊಬ್ಬನಿಗೆ ಮರ್ಯಾದೆ ಇರಲ್ಲ. ಹೊಟ್ಟೆ ಮಾತ್ರ ಇಬ್ಬರಿಗೂ ಇರುತ್ತೆ.”

ಬೆಳಿಗ್ಗೆ ಡಿಪೋದಲ್ಲಿ ಬಸ್ಸುಗಳು ಒಂದರ ಬೆನ್ನಿಗೆ ಒಂದು ಮೂಗು ತಾಗಿಸಿ ನಿಂತಿದ್ದವು. ಎಲ್ಲಕ್ಕಿಂತ ಮುಂದಿದ್ದುದು ಟೈಮಪ್ಪನದು. ಅದು ಹೊರಟರೆ, ಮೊದಲು ಹೊರಡಲು ಹೆದರಿ ಕಾದಿರುವ ಮ್ಯಾನೇಜರ ಬಾಡಿಗೆ ಡ್ರೈವರುಗಳು ಹಿಂದಿನವನ್ನೆಲ್ಲ ಹೊರಡಿಸುತ್ತಾರೆ, ಮುಷ್ಕರ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಹೊರಡದಿದ್ದರೆ ಟೈಮಪ್ಪನ ನೌಕರಿ ಮುಗಿಯುತ್ತದೆ. ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು ಡ್ರೈವರುಗಳೂ ಮೆಕ್ಯಾನಿಕ್‌ಗಳೂ ನಿಂತಿದ್ದರು. ನಟ್ಟನಡುವೆ ಭಾವಮೈದುನ.

“ಬಸ್ಸು ಅಗತ್ಯ ಸೇವೆ. ನಿಮಗೆ ಮುಷ್ಕರ ಮಾಡೋ ಹಕ್ಕೇ ಇಲ್ಲ,” ಎಂದ ಮ್ಯಾನೇಜರು ಟೈಮಪ್ಪನ ಕಡೆ ತಿರುಗಿದರು. “ಹತ್ತಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ.”

ಟೈಮಪ್ಪ ತನ್ನ ಬಸ್ಸಿನ ಮುಂದಿನ ಗಾಜಿನ ಕಡೆ ನೋಡಿದ. ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ‘ಓಕೆ’ ಎಂದು ಬರೆದಿತ್ತು. ರಿಪೇರಿಯಾದ ಬಸ್ಸಿಗೆ ಮೆಕ್ಯಾನಿಕ್ ಹಾಕುವ ಗುರುತು. ಅದಿದ್ದರೆ ಹಿಂದೆಮುಂದೆ ನೋಡದೆ ಹತ್ತುವುದು ಅವನ ರಕ್ತದಲ್ಲೇ ಇಳಿದಿತ್ತು. ಅಬ್ಬ, ಬ್ರೇಕ್ ಸರಿಯಾಗಿದೆ! ಹಾಗಾದರೆ ಇನ್ನೇಕೆ ಜಗಳ ಎಂದುಕೊಂಡು ಹತ್ತಿಯೇಬಿಟ್ಟ.

“ಬಾ ಭಾವ, ಬಾ! ನನ್ನ ಮೇಲೇ ಹತ್ತಿಸಿಕೊಂಡು ಹೋಗು!” ಭಾವಮೈದುನ ಕೈಕಟ್ಟಿ ನಿಂತ.

ಮೊಳದಷ್ಟು ದೂರದಲ್ಲಿ ನಿಲ್ಲಿಸಿ, ಹೆದರಿಸಿ, ದಾರಿ ಬಿಡಿಸಬೇಕೆಂಬುದು ಟೈಮಪ್ಪನ ಲೆಕ್ಕ. ಬಸ್ಸು ಇಳಿಜಾರಿನಲ್ಲಿ ಮೆಲ್ಲಗೆ ಉರುಳಿತು. ಬ್ರೇಕ್ ಒತ್ತಿದ. ಪೆಡಲು ಬೆಣ್ಣೆಯಲ್ಲಿ ಇಳಿದಂತೆ ತಳ ಸೇರಿತು. ಬಸ್ಸು ನಿಲ್ಲಲಿಲ್ಲ. ಜನ ಎರಡೂ ಕಡೆ ಚದುರಿದರು. ಭಾವಮೈದುನ ಮಾತ್ರ, ಭಾವ ನಿಲ್ಲಿಸಿಯೇ ನಿಲ್ಲಿಸುತ್ತಾನೆಂದು ನಗುತ್ತಲೇ ನಿಂತಿದ್ದ. ಆ ನಗು ಮುಖದಿಂದ ಜಾರುವುದನ್ನು ಟೈಮಪ್ಪ ಗಾಜಿನೊಳಗಿಂದ ನೋಡಿದ. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದ. ಬಸ್ಸು ಆನೆಯಂತೆ ಘೀಳಿಟ್ಟು ನಿಂತಿತು.

ಗೇಟಿಗೂ ಬಸ್ಸಿಗೂ ನಡುವೆ ಉಳಿದ ಸಂದಿಯಲ್ಲಿ ಸೊಳ್ಳೆ ಕೂಡ ಅಡ್ಡಡ್ಡ ನುಸುಳಬೇಕಿತ್ತು. ಅಲ್ಲಿ ಭಾವಮೈದುನ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ, ಉಸಿರಾಡಿದರೆ ಅಂಗಿಯ ಗುಂಡಿ ಬಂಪರಿಗೆ ತಾಗುವಂತೆ.

ಟೈಮಪ್ಪ ಇಳಿದ. ಮೆಕ್ಯಾನಿಕ್‌ಗಳ ಕಡೆ ತಿರುಗಿದ. “ಈ ಓಕೆ ಬರೆದೋರು ಯಾರ್ರೋ?”

“ನಾವು ನಿನ್ನೆಯಿಂದ ಒಂದು ಬಸ್ಸನ್ನೂ ಮುಟ್ಟಿಲ್ಲ ಕಣಣ್ಣ,” ಎಂದ ಒಬ್ಬ.

ಎಲ್ಲರ ಕಣ್ಣೂ ಮ್ಯಾನೇಜರ ಕೋಟಿನ ತೋಳಿಗೆ ಹೋದವು. ಅಲ್ಲಿ ಬೆಳ್ಳಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಅವರು ತೋಳನ್ನು ಬೆನ್ನ ಹಿಂದೆ ಸರಿಸಿಕೊಂಡು ಗದರಿದರು: “ಏನೂ ಆಗಿಲ್ಲವಲ್ಲ! ಬ್ರೇಕ್ ಚೆನ್ನಾಗೇ ಇದೆ. ಗೇಟು ತೆಗೆಸಿ, ಹೊರಡಿ. ಇದು ಆರ್ಡರು!”

ಟೈಮಪ್ಪ ಬಸ್ಸಿನ ಕೀಯನ್ನು ಅವರ ಅಂಗೈಯಲ್ಲಿಟ್ಟ.

“ನೀವೇ ಓಡಿಸಿ ಸಾರ್. ಎದುರಿಗೆ ನಿಲ್ಲಿಸೋಕೆ ನಿಮ್ಮ ಭಾವಮೈದುನನ್ನ ಕರೆಸ್ಕೊಳ್ಳಿ. ನನ್ನ ಹತ್ರ ಇರೋನು ಒಬ್ಬನೇ.”