ಹನ್ನೊಂದು ವರ್ಷದ ಸೀನು

ಸೋಫಾ ಮೇಸ್ತ್ರಿಗೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸೀನು ಬರುತ್ತಿತ್ತು. ಒಂದು ಸಲ ಶುರುವಾದರೆ ಹದಿನೈದಕ್ಕೆ ಕಡಿಮೆ ಇಲ್ಲ. ಆಮೇಲೆ ಮೂಗು ಒರೆಸಿಕೊಂಡು ಅಂಗಡಿಯ ಷಟರ್ ಎತ್ತಿ, ಯಾರದೋ ಹಳೆಯ ಸೋಫಾವನ್ನು ಬೋರಲು ಹಾಕಿ ಬಟ್ಟೆ ಹರಿಯುತ್ತಿದ್ದರು. ಒಳಗಿನ ಸ್ಪಂಜು ಹಳದಿ ಪುಡಿಯಾಗಿ ಉದುರುತ್ತಿತ್ತು. ಅದರ ಜೊತೆಗೆ ಬಾಚಣಿಗೆ, ಬಿಸ್ಕತ್ತಿನ ಚೂರು, ಇಪ್ಪತ್ತು ವರ್ಷದ ಧೂಳು. ಮತ್ತೆ ಸೀನು. ಇಷ್ಟಾದರೂ ಈ ಸೀನಿಗೆ ಕಾರಣ ಬದನೆಕಾಯಿ ಎಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು.

ಮೊದಲು ಬದನೆಕಾಯಿ ತಿನ್ನುವುದನ್ನು ಬಿಡಿಸಿದ್ದು ತಾಯಿ. ಮೊಸರು ಬಿಡಿಸಿದ್ದು ಅಕ್ಕ. ಉಳಿದದ್ದನ್ನೆಲ್ಲ ಬಿಡಿಸಿದ ಕೀರ್ತಿ ಅಕ್ಕನ ಗಂಡನದು. ಭಾವನ ಕಸುಬು ವಾಚ್ ರಿಪೇರಿ, ವೈದ್ಯಕೀಯ ಬರೀ ಹವ್ಯಾಸ. ಹಾಗಾಗಿ ವಾಚು ಕೆಡಿಸಿದಾಗ ಅವರಿಗೆ ನಾಚಿಕೆಯಾಗುತ್ತಿತ್ತು, ಮನುಷ್ಯರನ್ನು ಕೆಡಿಸಿದಾಗ ಆಗುತ್ತಿರಲಿಲ್ಲ. ಒಂದು ತೊಟ್ಟು ರಕ್ತದಲ್ಲಿ ಎಪ್ಪತ್ತೆರಡು ಆಹಾರದ ಜಾತಕ ಬಿಡಿಸುವ ಲ್ಯಾಬೊಂದನ್ನು ಅವರೇ ಹುಡುಕಿ ತಂದರು. ವರದಿಯ ಪ್ರಕಾರ ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಟೊಮೆಟೊ, ಬಾಳೆಹಣ್ಣು ಎಲ್ಲಕ್ಕೂ ಕೆಂಪು ಗೆರೆ. ಹಸಿರು ಗೆರೆ ಇದ್ದದ್ದು ಅನ್ನ, ಹೀರೇಕಾಯಿ ಮತ್ತು ಎರಡು ಸೊಪ್ಪಿಗೆ. ನೀರಿನ ವಿಷಯ ಬರೆದಿರಲಿಲ್ಲ, ಬಹುಶಃ ಮರೆತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮೂಗಿನ ತಪ್ಪಿಗೆ ನಾಲಿಗೆಗೆ ಶಿಕ್ಷೆಯಾಯಿತು. ಹೆಂಡತಿ ಎಂಟು ತಿಂಗಳು ಬೇರೆ ಪಾತ್ರೆಯಲ್ಲಿ ಹೀರೇಕಾಯಿ ಬೇಯಿಸಿದಳು. ಮೇಸ್ತ್ರಿ ಒಂಬತ್ತು ಕೆಜಿ ಇಳಿದರು. ಸೀನು ಒಂದೂ ಇಳಿಯಲಿಲ್ಲ.

"ಒಳಗಿನ ವಿಷ ಹೊರಗೆ ಹೋಗ್ತಾ ಇದೆ ಕಣಯ್ಯಾ, ಒಳ್ಳೇ ಲಕ್ಷಣ," ಎಂದರು ಭಾವ.

ನಡುವೆ ಹೆಂಡತಿ ಒಮ್ಮೆ, "ರೀ, ಈ ಹಾಸಿಗೆ ಕೊಡವಿದ್ರೆ ನನಗೇ ಸೀನು ಬರುತ್ತೆ," ಎಂದಿದ್ದಳು. ಆ ಹಾಸಿಗೆ ಮೇಸ್ತ್ರಿಯ ಸ್ವಂತ ಕೈಕೆಲಸ. "ಹಾಸಿಗೆ ವಿಷಯ ನನಗೇ ಹೇಳಿಕೊಡ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದ್ದರು.

ಕೊನೆಗೆ ಅವರನ್ನು ಆಸ್ಪತ್ರೆಗೆ ಕಳಿಸಿದ್ದು ಒಂದು ಮೊಳೆ. ಮೇಸ್ತ್ರಿಗೆ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಹೊಡೆಯುವ ಅಭ್ಯಾಸ. ವಕೀಲರೊಬ್ಬರ ಹಜಾರದಲ್ಲಿ ಐದು ಮೊಳೆ ಬಾಯಲ್ಲಿದ್ದಾಗ ಸೀನು ಬಂತು. ನೆಲದ ಮೇಲೆ ಸಿಕ್ಕಿದ್ದು ನಾಲ್ಕು. ವಕೀಲರು ಬೆವರಿದರು. ಎಷ್ಟೋ ಜನರ ಕೇಸು ನಡೆಸಿದವರಿಗೆ ತಮ್ಮ ಹಜಾರದಲ್ಲೇ ಒಂದು ಕೇಸು ಹುಟ್ಟುವುದು ಇಷ್ಟವಿರಲಿಲ್ಲ. ಮೇಸ್ತ್ರಿಯನ್ನು ತಮ್ಮದೇ ಕಾರಿನಲ್ಲಿ ಹಾಕಿಕೊಂಡು ಓಡಿದರು.

ಎಕ್ಸ್‌ರೇಯಲ್ಲಿ ಮೊಳೆ ಕಾಣಲಿಲ್ಲ. (ಅದು ಮೂರು ದಿನದ ಮೇಲೆ ವಕೀಲರಿಗೇ ಸಿಕ್ಕಿತು, ಕೂತಾಗ.) ಆದರೆ ಅಲ್ಲಿದ್ದ ಡಾಕ್ಟರಮ್ಮ ಮೇಸ್ತ್ರಿಯನ್ನು ಮನೆಗೆ ಬಿಡಲಿಲ್ಲ.

"ಹೊಟ್ಟೆ ಸರಿ ಇದೆ. ಈ ಸೀನು ಎಷ್ಟು ದಿನದಿಂದ?"

"ಹನ್ನೊಂದು ವರ್ಷ ಆಯ್ತಮ್ಮ."

"ಯಾರಿಗೆ ತೋರಿಸಿದ್ರಿ?"

"ಭಾವನಿಗೆ."

ಡಾಕ್ಟರಮ್ಮ ನಗಲಿಲ್ಲ. ಏನಾದರೂ ತಿಂದ ಮೇಲೆ ತುಟಿ ಊದುತ್ತದೆಯೇ, ಮೈಮೇಲೆ ದದ್ದು ಏಳುತ್ತದೆಯೇ, ವಾಂತಿ ಆಗುತ್ತದೆಯೇ ಎಂದು ಕೇಳಿದರು. ಯಾವುದೂ ಇಲ್ಲ. ಉಸಿರು ಊದಿಸಿ ನೋಡಿದರು, ಶ್ವಾಸಕೋಶ ಚೆನ್ನಾಗಿತ್ತು. ಕೊನೆಗೆ, "ಯಾವುದರ ಮೇಲೆ ಮಲಗ್ತೀರಿ?" ಎಂದರು.

"ನಾನೇ ಮಾಡಿದ ಹಾಸಿಗೆ," ಎಂದರು ಮೇಸ್ತ್ರಿ ಹೆಮ್ಮೆಯಿಂದ. "ಗಿರಾಕಿಗಳ ಸೋಫಾದಲ್ಲಿ ಉಳಿದ ಸ್ಪಂಜು, ಹತ್ತಿ, ಒಂದೂ ವೇಸ್ಟ್ ಮಾಡಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಊರಿನ ಅಷ್ಟೂ ಹಜಾರಗಳ ಧೂಳನ್ನು ಈ ಮನುಷ್ಯ ಹುಡುಕಿ ಹುಡುಕಿ ತಂದು ತಲೆಯಡಿಗೆ ಇಟ್ಟುಕೊಂಡಿದ್ದ.

ಮೇಸ್ತ್ರಿ ತಾವೇ ಔಷಧಿ ಅಂಗಡಿಯಿಂದ ತಂದು ನುಂಗುತ್ತಿದ್ದ ಶೀತದ ಮಾತ್ರೆಯನ್ನು ಒಂದು ವಾರ ನಿಲ್ಲಿಸಿ ಬರಬೇಕೆಂದರು, ಇಲ್ಲವಾದರೆ ಪರೀಕ್ಷೆ ಸುಳ್ಳು ಹೇಳುತ್ತದಂತೆ. ಆ ವಾರ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಎಂಟನೇ ದಿನ ಮೇಸ್ತ್ರಿಯ ಮುಂಗೈ ಮೇಲೆ ಪೆನ್ನಿನಲ್ಲಿ ನಂಬರು ಬರೆದು, ಪ್ರತಿ ನಂಬರಿನ ಪಕ್ಕ ಒಂದು ಹನಿ ಇಟ್ಟು, ಹನಿಯ ಮೇಲೆ ಸಣ್ಣಗೆ ಚುಚ್ಚಿದರು. ಪರೀಕ್ಷೆಯನ್ನೇ ಪರೀಕ್ಷಿಸಲು ಒಂದು ಹನಿ ಬರೀ ಉಪ್ಪುನೀರು, ಇನ್ನೊಂದು ಯಾರಿಗಾದರೂ ಉಬ್ಬಲೇಬೇಕಾದದ್ದು. ಉಳಿದವು ಆಪಾದಿತರು, ಒಂದೊಂದರ ಸಾರ ಒಂದೊಂದು ಹನಿ. ಇಪ್ಪತ್ತು ನಿಮಿಷ ಕಾದರು. ಮೊಟ್ಟೆ, ಕಡಲೆಕಾಯಿ, ಗೋಧಿ, ಹಾಲು ಎಲ್ಲ ಸಾಧುಗಳಂತೆ ತಣ್ಣಗಿದ್ದವು. ಆಪಾದಿತರಲ್ಲಿ ಏಳನೇ ನಂಬರು ಮಾತ್ರ ಬಟಾಣಿ ಗಾತ್ರ ಉಬ್ಬಿ ಸುತ್ತ ಕೆಂಪಗಾಯಿತು.

"ಧೂಳಿನ ನುಸಿ," ಎಂದರು ಡಾಕ್ಟರಮ್ಮ. "ಕಣ್ಣಿಗೆ ಕಾಣಲ್ಲ, ಹಾಸಿಗೆ ಸೋಫಾದಲ್ಲೇ ಇರುತ್ತೆ. ಉಬ್ಬಿದ ಮಾತ್ರಕ್ಕೆ ಅದೇ ಅಂತ ಹೇಳಲ್ಲ ನಾನು. ಆದ್ರೆ ನಿಮ್ಮ ಕಥೆಗೂ ಅದಕ್ಕೂ ಸರಿಯಾಗಿ ತಾಳೆ ಆಗ್ತಿದೆ."

"ಮತ್ತೆ ಆ ಎಪ್ಪತ್ತೆರಡು?" ಎಂದು ಜೊತೆಗೆ ಬಂದಿದ್ದ ಹೆಂಡತಿ ಹಳೆಯ ಲ್ಯಾಬ್ ವರದಿ ಮುಂದಿಟ್ಟಳು.

"ಅಂಥ ರಿಪೋರ್ಟು ನೀವು ಏನೇನು ತಿಂದಿದ್ದೀರಿ ಅಂತ ತೋರಿಸುತ್ತೆ ಅಷ್ಟೇ. ಯಾವುದು ಆಗಲ್ಲ ಅಂತ ಅದರಿಂದ ಗೊತ್ತಾಗಲ್ಲ. ಇವರು ಊಟ ಚೆನ್ನಾಗಿ ಮಾಡ್ಲಿ."

ಹೆಂಡತಿ ದಾರಿಯುದ್ದಕ್ಕೂ ಬೆರಳು ಮಡಿಸಿ ತಿಂಗಳು ಎಣಿಸಿದಳು. ಬಸ್ಸಿಳಿದ ಮೇಲೆ ಒಂದೇ ಮಾತು: "ಎಂಟು ತಿಂಗಳು ಹೀರೇಕಾಯಿ." ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮರುದಿನ ಹಾಸಿಗೆಯನ್ನು ತಾವೇ ಹೊತ್ತು ಕಸದ ಲಾರಿಗೆ ಹಾಕಿದರು. ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರು ಮಾಡಿದ ಹಾಸಿಗೆ ಕೊಂಡು, ಹೊಲಿಗೆ ಸರಿಯಿಲ್ಲ ಎಂದು ಗೊಣಗುತ್ತಲೇ ಅದಕ್ಕೆ ನುಸಿ ನುಗ್ಗದ ಕವರು ತೊಡಿಸಿದರು. ಹೊದಿಕೆಗಳಿಗೆ ವಾರಕ್ಕೊಮ್ಮೆ ಬಿಸಿನೀರು.

ಡಾಕ್ಟರಮ್ಮ ಬರೆದುಕೊಟ್ಟ ಮೂಗಿನ ಸ್ಪ್ರೇ ಮಾತ್ರ ಮೂರನೇ ದಿನಕ್ಕೇ ಮೂಲೆ ಸೇರಿತು. "ಏನೂ ಕೆಲಸ ಮಾಡಲ್ಲ ಇದು," ಎಂದರು ಮೇಸ್ತ್ರಿ. ಹೆಂಡತಿ ಡಾಕ್ಟರಮ್ಮನಿಗೆ ಫೋನು ಮಾಡಿದಾಗ ಗುಟ್ಟು ಬಯಲಾಯಿತು: ಮೇಸ್ತ್ರಿ ತಲೆ ಹಿಂದಕ್ಕೆ ಎಸೆದು, ಜೋರಾಗಿ ಎಳೆದುಕೊಂಡು, ಅರ್ಧ ಔಷಧಿ ನುಂಗುತ್ತಿದ್ದರು. ತಲೆ ಸ್ವಲ್ಪ ಬಗ್ಗಿಸಬೇಕು, ತುದಿ ಕಿವಿಯ ಕಡೆಗೆ ತಿರುಗಿರಬೇಕು, ದಿನಾ ಹಾಕಬೇಕು, ಎರಡು ವಾರ ತಾಳಬೇಕು. ತಾಳಿದರು. ಮೂರನೇ ವಾರ ಬೆಳಗಿನ ಹದಿನೈದು ಸೀನು ಎರಡಕ್ಕೆ ಬಂತು. ಇಷ್ಟಕ್ಕೂ ಬಗ್ಗದಿದ್ದರೆ ನಾಲಿಗೆ ಕೆಳಗೆ ಹನಿ ಹಾಕುವ ಮೂರು ವರ್ಷದ ಚಿಕಿತ್ಸೆ ಇದೆಯೆಂದು ಡಾಕ್ಟರಮ್ಮ ಹೇಳಿದ್ದರು. ಸದ್ಯಕ್ಕೆ ಅದು ಬೇಕಾಗಲಿಲ್ಲ.

ಈಗ ಸೋಫಾ ಬಿಚ್ಚುವ ಕೆಲಸ ಹಿಂದಿನ ಅಂಗಳದಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಬಾಯಿ ಮುಚ್ಚಿದ್ದರಿಂದ ಮೊಳೆಗೂ ಒಂದು ತಟ್ಟೆ ಬಂತು. ಸುದ್ದಿ ಕೇಳಿ ಅಕ್ಕನ ಜೊತೆ ಊಟಕ್ಕೆ ಬಂದ ಭಾವ, "ಧೂಳು ಅಂತ ನಾನು ಮೊದಲೇ ಹೇಳಿರಲಿಲ್ವಾ?" ಎಂದರು. ಅಕ್ಕ ಅವರ ತಟ್ಟೆಗೆ ಸದ್ದಿಲ್ಲದೆ ಹೀರೇಕಾಯಿ ಬಡಿಸಿದಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಅಂಗಡಿಯೊಳಗೆ ಬಂದವರು ಬಾಗಿಲಲ್ಲೇ ನಿಂತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮೂಗಿಗೆ ಅಂಟಿನ ಡಬ್ಬಿಯ ವಾಸನೆ ಬಡಿದಿತ್ತು.

"ಅಯ್ಯಯ್ಯೋ, ಏನೇ ಇದು ನಾತ!" ಎಂದು ಕೂಗಿದರು.

"ಯಾವಾಗ್ಲೂ ಹೀಗೇ ಇರೋದು," ಎಂದಳು ಬುತ್ತಿ ತಂದಿದ್ದ ಹೆಂಡತಿ. ಮೇಸ್ತ್ರಿ ಏಣಿ ಹಾಕಿ, ತುಕ್ಕು ಹಿಡಿದ ಹಿಂದಿನ ಕಿಟಕಿಯನ್ನು ಸುತ್ತಿಗೆಯಿಂದ ಹೊಡೆದು ತೆಗೆದರು.