ಷಿಕಾಗೋ ನೋಡಿಬಂದ ತಗಡಿನ ಕೋಳಿ

ಆನ್ ಆರ್ಬರಿನಿಂದ ಷಿಕಾಗೋಗೆ ಇನ್ನೂರ ನಲವತ್ತು ಮೈಲಿ, ಬಸ್ಸಿನ ಟಿಕೆಟ್ ಹದಿನೆಂಟು ಡಾಲರ್. ನಿಲ್ದಾಣಕ್ಕೆ ಬಿಡಲು ಬಂದ ಮಗಳು ವಸಂತಿ ಮೂರು ತಿಂಗಳ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು, "ಅಮ್ಮ, ಹೋಗ್ಲೇಬೇಕಾ? ಹೊರಗೆ ನಲವತ್ತು ಡಿಗ್ರಿ ಇದೆ" ಎಂದಳು. ಇಲ್ಲಿಯವರ ನಲವತ್ತು ಡಿಗ್ರಿ ಎಂದರೆ ಮೂಗು ಉದುರಿಹೋಗುವಂಥ ಚಳಿ. ಸೀರೆಯ ಮೇಲೆ ಅಳಿಯನ ಕೋಟು, ಕಾಲಿಗೆ ಅವನದೇ ಕಾಲುಚೀಲ. ನನ್ನ ಅವತಾರ ನೋಡಿ ಡ್ರೈವರ್ ನಗಲಿಲ್ಲ, ಅದು ಅವನ ದೊಡ್ಡತನ.

ಹೋಗಲೇಬೇಕಿತ್ತು. ಮಗಳ ಬಾಣಂತನ ಮಾಡಲು ಅಮೆರಿಕಕ್ಕೆ ಬಂದವಳು ನಾನು, ನಿಜ. ಆದರೆ ನನ್ನ ಬ್ಯಾಗಿನಲ್ಲಿ ಬೆಂಗಳೂರಿನಿಂದ ಹೊತ್ತು ತಂದ ಒಂದು ತಗಡಿನ ಕೋಳಿ ಇತ್ತು. ಕಾಟನ್‌ಪೇಟೆಯ ಗಲ್ಲಿಯೊಂದರಲ್ಲಿ ನಮ್ಮದೊಂದು ಆಟಿಕೆಯ ಕಾರ್ಖಾನೆ. ಕಾರ್ಖಾನೆ ಎಂದರೆ ತಗಡು ಒತ್ತುವ ಎರಡು ಕೈಪ್ರೆಸ್ಸು, ಆರು ಜನ ಕೆಲಸದವರು, ನಾನು ಮತ್ತು ನಮ್ಮ ಯಜಮಾನರು. ಕೀ ಕೊಟ್ಟರೆ ಟಕಟಕ ಎಂದು ನೆಲ ಕುಕ್ಕುವ ಆ ಕೋಳಿಯೇ ನಮ್ಮ ಹೆಸರುವಾಸಿ ಮಾಲು. ಮೊಟ್ಟೆಯನ್ನೂ ಮುಟ್ಟದ ಮನೆಗೆ ಇಷ್ಟು ವರ್ಷ ಅನ್ನ ಹಾಕಿದ್ದು ಕೋಳಿ! "ಇದು ನನ್ನ ತಲೆಯಿಂದ ಬಂದ ಕೋಳಿ ಕಣೇ" ಎಂದು ಇವರು ಮೀಸೆ ತಿರುವುತ್ತಿದ್ದರು.

ಆಮೇಲೆ ಪ್ಲಾಸ್ಟಿಕ್ ಬಂತು. ಜಾತ್ರೆಯ ಅಂಗಡಿಯವರು ನಮ್ಮ ಕೋಳಿಯನ್ನು ಕೇಳುವುದನ್ನೇ ಬಿಟ್ಟರು. "ಮುಚ್ಚಿಬಿಡೋಣ. ಪ್ರೆಸ್ಸುಗಳನ್ನ ಗುಜರಿಯವನು ಕೇಳ್ತಿದಾನೆ" ಎಂದರು ಇವರು. "ನಾನು ವಾಪಸ್ ಬರೋವರೆಗೂ ಅವನನ್ನ ತಡೀರಿ" ಎಂದು ಹೇಳಿ ವಿಮಾನ ಹತ್ತಿದ್ದೆ. ಷಿಕಾಗೋ ಬಳಿ ದೊಡ್ಡ ಜಪಾನಿ ಆಟಿಕೆ ಕಂಪನಿಯ ಕಚೇರಿ ಇದೆ ಎಂದು ಅಳಿಯ ಪತ್ತೆ ಮಾಡಿದ. ಅವನ ಗೆಳೆಯ, ಮೈಸೂರಿನ ಎಂಜಿನಿಯರ್ ಮೂರ್ತಿ, ಫೋನು ಮಾಡಿ ಭೇಟಿಯ ಸಮಯವನ್ನೂ ಗೊತ್ತುಮಾಡಿದ. ಅಮೆರಿಕಕ್ಕೆ ಬೇಕಾಗುವಷ್ಟು ಕೋಳಿಗಳ ಆರ್ಡರ್ ಸಿಕ್ಕರೆ ಗುಜರಿಯವನು ಬಂದ ದಾರಿಗೆ ಸುಂಕವಿಲ್ಲದೆ ಹೋಗಬೇಕು. ಇದು ನನ್ನ ಲೆಕ್ಕಾಚಾರವಾಗಿತ್ತು.

ರಸ್ತೆಯನ್ನು ಏನೆಂದು ಹೇಳಲಿ! ಹಾರನ್ ಇಲ್ಲ, ದನ ಇಲ್ಲ, ಒಂದು ಗುಂಡಿಯಿಲ್ಲ. ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ತಿಂದು ಮುಗಿಸುವಷ್ಟರಲ್ಲಿ ಎಡಬಲದ ಕಾಡೆಲ್ಲ ಕೆಂಪು ಹಳದಿ ಎಲೆ ಉದುರಿಸುತ್ತ ಹಿಂದೆ ಹೋಗಿತ್ತು. ಷಿಕಾಗೋದ ಸಮಯವೇ ಬೇರೆಯಂತೆ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ ಎಂದು ಪಕ್ಕದ ಸೀಟಿನ ಅಜ್ಜಿ ಸನ್ನೆ ಮಾಡಿದಳು. ಸ್ವಲ್ಪ ದೂರದಲ್ಲೇ ಆಕಾಶ ಕಂದುಬಣ್ಣಕ್ಕೆ ತಿರುಗಿತು. ಗ್ಯಾರಿ ಎಂಬ ಊರಿನ ಉಕ್ಕಿನ ಕಾರ್ಖಾನೆಗಳು. ಚಿಮಣಿಯ ಹಿಂದೆ ಚಿಮಣಿ, ತುದಿಯಲ್ಲಿ ಬೆಂಕಿ. ಕೋಳಿಯ ತಗಡಿಗೆಂದು ಒಂದು ಖಾಲಿ ವನಸ್ಪತಿ ಡಬ್ಬಕ್ಕಾಗಿ ಹೋಟೆಲಿನವರ ಹಿತ್ತಿಲಿನಲ್ಲಿ ಚೌಕಾಸಿ ಮಾಡುವವಳು ನಾನು. ಅಷ್ಟು ಕಬ್ಬಿಣವನ್ನು ಒಂದೇ ಕಡೆ ಕಂಡು ನನಗೇ ತಿಳಿಯದೆ ಕೈ ಮುಗಿದಿದ್ದೆ.

ಷಿಕಾಗೋದಲ್ಲಿ ಮೂರ್ತಿ ಕಾರು ತಂದಿದ್ದ. ಕುತ್ತಿಗೆ ನೋಯುವವರೆಗೂ ಕಟ್ಟಡಗಳನ್ನು ನೋಡಿದೆ. ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ಅವೆನ್ಯೂನಲ್ಲಿ ನಿಲ್ಲಿಸಿ ಹುಣಸೇಹಣ್ಣು, ತೊಗರಿಬೇಳೆ ಕೊಂಡೆವು. ಆಮೇಲೆ ವುಡ್‌ರಿಡ್ಜಿನ ಅವನ ಮನೆ. ಅವನ ಮಗಳು ಮಾಯಾಳಿಗೆ ಎಂಟು ವರ್ಷ, ಕನ್ನಡ ಕೇಳುತ್ತಾಳೆ, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕೋಳಿಯನ್ನು ನೋಡಿ, "ಡಸ್ ಇಟ್ ನೀಡ್ ಬ್ಯಾಟರೀಸ್?" ಎಂದಳು.

"ಇಲ್ಲ ಪುಟ್ಟಿ, ಕೀ ಕೊಟ್ರೆ ಸಾಕು."

ಕೋಳಿ ನಾಲ್ಕು ಸಲ ಕುಕ್ಕಿ ಕತ್ತು ಸಿಕ್ಕಿಸಿಕೊಂಡು ನಿಂತಿತು. ಅದು ಅದರ ಹುಟ್ಟುಗುಣ, ಬೆನ್ನಿಗೊಂದು ಏಟು ಕೊಟ್ಟರೆ ಮತ್ತೆ ಕುಕ್ಕುತ್ತದೆ. ಮಾಯಾ ಏಟು ಕೊಡುವುದನ್ನೂ ಆಟದ ಭಾಗವೇ ಎಂದುಕೊಂಡು ಊಟದ ಹೊತ್ತಿನವರೆಗೂ ಬಡಿದಳು.

ಮರುದಿನ ಕಂಪನಿಗೆ ಹೋದೆವು. ಉಗ್ರಾಣವೇ ನಮ್ಮ ಗಲ್ಲಿಗಿಂತ ಉದ್ದ. ಮುಂಭಾಗದ ಕೋಣೆಯಲ್ಲಿ ಆಳೆತ್ತರದ ಪೆಟ್ಟಿಗೆಯೊಂದು ನಿಂತಿತ್ತು, ಅದರ ಗಾಜಿನೊಳಗೆ ಬೆಳಕಿನ ಚುಕ್ಕಿಗಳು ಪರಸ್ಪರ ಗುಂಡು ಹಾರಿಸುತ್ತಿದ್ದವು. ನಾಣ್ಯ ಹಾಕಿ ಆಡುವ ಆಟವಂತೆ. ಮುಟ್ಟುವುದಕ್ಕೆ ಏನೂ ಇಲ್ಲ, ಬರೀ ಬೆಳಕು! ಆಟಿಕೆ ಎಲ್ಲಿಂದ ಎಲ್ಲಿಗೆ ಹೋಗಿಬಿಟ್ಟಿತು ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಪಕ್ಕದ ಗೋಡೆಯಲ್ಲಿ ಕಂಪನಿಯ ಇಡೀ ಚರಿತ್ರೆಯನ್ನು ಗಾಜಿನ ಬೀರುವಿನಲ್ಲಿ ಜೋಡಿಸಿದ್ದರು. ಯುದ್ಧ ಮುಗಿದ ಮೇಲಿನ ತಗಡಿನ ಜೀಪು, ಆಮೇಲೆ ಬ್ಯಾಟರಿಯ ರೋಬೋಟು, ಪ್ಲಾಸ್ಟಿಕ್ ಬೊಂಬೆ, ಎರಕದ ಕಾರು. ಕೆಳಗಿನ ಹಲಗೆಗೆ ಕಣ್ಣು ಹೋದಾಗ ನಾನು ಬಗ್ಗಿ ಗಾಜಿಗೆ ಮೂಗು ಒತ್ತಿದೆ.

ಅಲ್ಲಿ ನಮ್ಮ ಕೋಳಿ ಇತ್ತು. ಒಂದಲ್ಲ, ಎರಡು. ಅದೇ ಕೆಂಪು ಜುಟ್ಟು, ಅದೇ ಹಳದಿ ಪಾದ, ರೆಕ್ಕೆಯ ಮೇಲೆ ಅವೇ ಮೂರು ಹಸಿರು ಗೆರೆ.

ನನ್ನ ತಲೆಯಿಂದ ಬಂದ ಕೋಳಿಯಂತೆ! ಮಹಾರಾಯ ಎದುರಿಗಿದ್ದಿದ್ದರೆ ಅಲ್ಲೇ ಜನ್ಮ ಜಾಲಾಡಿಬಿಡುತ್ತಿದ್ದೆ. ಕದ್ದ ಮಾಲನ್ನು ಅದರ ಒಡೆಯನಿಗೇ ಮಾರಲು ಸಮುದ್ರ ದಾಟಿ ಬಂದಿದ್ದೆನಲ್ಲ, ನಾಚಿಕೆಯಿಂದ ಮುಖ ಸುಡುತ್ತಿತ್ತು.

"ಆಂಟಿ, ಬ್ಯಾಗಿನಿಂದ ತೆಗೀಲೇಬೇಡಿ" ಎಂದು ಮೂರ್ತಿ ಪಿಸುಗುಟ್ಟಿದ. "ಸುಮ್ನೆ ಎಲ್ಲಾ ನೋಡ್ಕೊಂಡು, ಥ್ಯಾಂಕ್ಸ್ ಹೇಳಿ ಹೋಗ್ಬಿಡೋಣ. ಇವ್ರು ಕೇಸು ಗೀಸು ಅಂತ ಶುರು ಮಾಡಿದ್ರೆ ಕಷ್ಟ."

ಅಷ್ಟರಲ್ಲಿ ಮೋರಿ ಎಂಬ ಜಪಾನಿ ಮ್ಯಾನೇಜರ್ ಬಂದರು. ನರೆತ ಕೂದಲು, ಕಪ್ಪು ಕೋಟು, ನನಗೆ ಸೊಂಟ ಬಗ್ಗಿಸಿ ನಮಸ್ಕಾರ. ಚಹಾ ತರಿಸಿದರು. ನಾನು ಬ್ಯಾಗನ್ನು ತಬ್ಬಿಕೊಂಡು ಕುಳಿತೆ. ಮುಚ್ಚಿಟ್ಟುಕೊಂಡು ವಾಪಸಾದರೆ ಮರ್ಯಾದೆ ಉಳಿಯುತ್ತಿತ್ತು, ಆದರೆ ಊರಿನಲ್ಲಿ ಆರು ಮನೆಯವರು ನನ್ನ ದಾರಿ ಕಾಯುತ್ತಿದ್ದರು. ಏನಾದರಾಗಲಿ ಎಂದು ಕೋಳಿಯನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಮೂರ್ತಿ ಕಣ್ಣು ಮುಚ್ಚಿಕೊಂಡ.

ಮೋರಿಯವರು ಅದನ್ನು ಹತ್ತಿರ ಎಳೆದುಕೊಂಡರು. ಕೀ ಕೊಟ್ಟರು. ನಾಲ್ಕು ಸಲ ಕುಕ್ಕಿ ಅದು ನಿಂತಿತು. ನಾನೇ ಒಂದು ಏಟು ಕೊಟ್ಟೆ. ಅವರು ಅದನ್ನು ಮಗುಚಿ, ಕೀ ತೂತಿಗೆ ಕಣ್ಣಿಟ್ಟು ನೋಡಿದರು. ಒಳಗೆ ವನಸ್ಪತಿ ಡಬ್ಬದ ಅಕ್ಷರಗಳು ಹಾಗೇ ಇರುತ್ತವೆ, ನನಗೆ ಗೊತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಎದ್ದು ಹೋಗಿ ಬೀರುವಿನ ಬೀಗ ತೆಗೆದು, ತಮ್ಮದೊಂದು ಕೋಳಿಯನ್ನು ತಂದು ನನ್ನ ಅಂಗೈಯಲ್ಲಿ ಮಗುಚಿ ಇಟ್ಟರು.

ತೂತಿಗೆ ಕಣ್ಣಿಟ್ಟು ನೋಡಿದರೆ ಅದರೊಳಗೂ ಅಕ್ಷರಗಳಿದ್ದವು. ಇಂಗ್ಲಿಷಿನವು.

ಅವರು ಹೇಳಿದ್ದನ್ನು ಮೂರ್ತಿ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋದ. "ಯುದ್ಧ ಮುಗಿದಾಗ ಅವರ ಹತ್ರ ತಗಡೇ ಇರಲಿಲ್ವಂತೆ ಆಂಟಿ. ಅಮೆರಿಕನ್ ಸೋಲ್ಜರ್ಸ್ ತಿಂದು ಬಿಸಾಕಿದ ಡಬ್ಬಗಳನ್ನ ಆಯ್ಕೊಂಡು ಬಂದು ತೊಳೆದು ಇದನ್ನ ಮಾಡಿದ್ರಂತೆ. ಇವರ ತಾಯಿನೇ ಡಬ್ಬ ತೊಳೀತಿದ್ರಂತೆ. ಮತ್ತೆ, ಈ ಕೋಳೀನ ಅವರು ನೋಡಿ ಕಲ್ತಿದ್ದು ಒಂದು ಜರ್ಮನ್ ಕೋಳಿಯಿಂದಂತೆ."

ನಾನು ಎರಡು ಕೋಳಿಗಳನ್ನೂ ಬೆಳಕಿನ ಪೆಟ್ಟಿಗೆಯನ್ನೂ ಆ ಉದ್ದದ ಉಗ್ರಾಣವನ್ನೂ ನೋಡಿದೆ. ಇದೆಲ್ಲ ಬಿಸಾಕಿದ ಡಬ್ಬದಿಂದ ಹುಟ್ಟಿದ್ದೇ! ಧೈರ್ಯ ಬಂದು ಆರ್ಡರಿನ ಮಾತನ್ನು ಎತ್ತಿಯೇಬಿಟ್ಟೆ.

ಮೋರಿಯವರು ತಲೆ ಅಲ್ಲಾಡಿಸಿದರು. ತಗಡಿನ ಅಂಚು ಮಕ್ಕಳ ಕೈ ಕುಯ್ಯುತ್ತದೆ, ಇಲ್ಲಿಯ ಕಾನೂನು ಒಪ್ಪುವುದಿಲ್ಲ, ತಾವೇ ಬಿಟ್ಟು ಬಹಳ ಕಾಲವಾಯಿತು ಎಂದರು. ನನ್ನ ಕಣ್ಣು ತುಂಬಿತು, ಚಹಾ ಬಿಸಿಯಾಗಿದೆ ಎಂದು ಸುಳ್ಳು ಹೇಳಿದೆ. ಹೊರಡುವಾಗ ಅವರು ಒಂದು ಮಾತು ಕೇಳಿದರು: ನಿಮ್ಮ ಕೋಳಿಯನ್ನು ನಮಗೆ ಕೊಡುತ್ತೀರಾ, ನಮ್ಮದನ್ನು ಒಯ್ಯುತ್ತೀರಾ? ಕೊಟ್ಟೆ. ಅವರು ಕಾಟನ್‌ಪೇಟೆಯ ಕೋಳಿಯನ್ನು ಜಪಾನಿನ ಕೋಳಿಯ ಪಕ್ಕದಲ್ಲಿಟ್ಟು ಬೀರುವಿಗೆ ಬೀಗ ಹಾಕಿದರು. ಬಾಗಿಲಿನಿಂದ ಮತ್ತೊಮ್ಮೆ ತಿರುಗಿ ನೋಡಿದೆ. ನಮ್ಮದು ಸ್ವಲ್ಪ ಸೊಟ್ಟಗೆ ನಿಂತಿತ್ತು.

ಎರಡು ವಾರದ ನಂತರ ಡೆಟ್ರಾಯಿಟ್ ನಿಲ್ದಾಣದಲ್ಲಿ ಕೂಸಿನ ಕೆನ್ನೆಗೆ ಮುತ್ತಿಟ್ಟು ವಿಮಾನ ಹತ್ತಿದೆ. ಇವರನ್ನು ತರಾಟೆಗೆ ತೆಗೆದುಕೊಳ್ಳುವ ಮಾತುಗಳನ್ನು ಲಂಡನ್ನಿನವರೆಗೂ, ಅಲ್ಲಿಂದ ಮುಂಬಯಿಯವರೆಗೂ ಮಸೆಯುತ್ತ ಬಂದೆ.

ಕಾರ್ಖಾನೆಯ ಬಾಗಿಲಲ್ಲೇ ಇವರು ಕೇಳಿದರು. "ಆರ್ಡರ್ ಸಿಕ್ತಾ?"

"ಇಲ್ಲ."

"ಹೋಗ್ಲಿ ಬಿಡು. ಗುಜರಿಯವನು ನಾಳೆ ಬರ್ತಾನೆ."

ನಾನು ಜಪಾನಿನ ಕೋಳಿಗೆ ಕೀ ಕೊಟ್ಟು ಮೇಜಿನ ಮೇಲೆ ಬಿಟ್ಟೆ. ಅದು ಎಲ್ಲೂ ಸಿಕ್ಕಿಕೊಳ್ಳದೆ ಕುಕ್ಕುತ್ತ ಮೇಜಿನ ಆ ತುದಿಗೆ ಹೋಯಿತು. ಇವರ ಮುಖದಲ್ಲಿ ಬಣ್ಣ ಉಳಿಯಲಿಲ್ಲ.

"ಇದನ್ನ ಮದರಾಸಿನಲ್ಲಿ ನೋಡಿದ್ದೆ ಕಣೇ" ಎಂದರು. "ನಮ್ಮ ಮದುವೆಯಾದ ವರ್ಷ. ಅಂಗಡಿಯ ಗಾಜಿನ ಹಿಂದೆ ಇತ್ತು. ಒಳಗೆ ಹೋಗಿ ಕೈಯಲ್ಲಿ ಹಿಡಿದು ನೋಡೋಕೆ ಧೈರ್ಯ ಬರಲಿಲ್ಲ. ಆಚೆ ನಿಂತು ನೋಡಿದ್ದಷ್ಟೇ."

ಒಂದು ಗಾಜಿನ ಆಚೆಯಿಂದ ನೋಡಿ ಇಡೀ ಕೋಳಿಯನ್ನು ಕಟ್ಟಿದ್ದರು! ಮಸೆದು ತಂದ ಮಾತುಗಳನ್ನೆಲ್ಲ ಬದಿಗಿಟ್ಟು, ಕೋಳಿಯನ್ನು ಎತ್ತಿ ಇವರ ಕೈಗೆ ಕೊಟ್ಟೆ.

ಇವರು ಸ್ಕ್ರೂಡ್ರೈವರ್ ತಂದು ಹೊಟ್ಟೆಯ ತಗಡನ್ನು ಮೆಲ್ಲಗೆ ಬಿಡಿಸಿದರು. ಒಳಗಿನ ಅಕ್ಷರ ನೋಡಿ ನನ್ನ ಮುಖ ನೋಡಿದರು. ಡಬ್ಬದ ಕಥೆ ಹೇಳಿದೆ. ಆಮೇಲೆ ಇವರು ಕತ್ತಿನ ಹತ್ತಿರ ಬೆರಳಿಟ್ಟು, "ಅಯ್ಯೋ, ಇಲ್ಲೊಂದು ತಂತಿ ಇದೆ ನೋಡೇ! ಇಷ್ಟೇ ಇಷ್ಟು ತಂತಿ. ಅದಕ್ಕೇ ನಮ್ಮದು ಸಿಕ್ಕಿಕೊಳ್ತಿತ್ತು" ಎಂದರು. ಡಬ್ಬಿಯಿಂದ ಒಂದು ತುಂಡು ತಂತಿ ಹೆಕ್ಕಿ, ಇಕ್ಕಳದಲ್ಲಿ ಹಿಡಿದು ಬಗ್ಗಿಸತೊಡಗಿದರು.

ಮೊದಲನೆಯದು ಸರಿಹೋಗಲಿಲ್ಲ. ಎರಡನೆಯದನ್ನು ಬಗ್ಗಿಸುತ್ತ, ತಲೆ ಎತ್ತದೆ ಹೇಳಿದರು.

"ಲೇ, ಆ ಗುಜರಿಯವನಿಗೆ ನಾಳೆ ಬರಬೇಡ ಅಂತ ಹೇಳಿ ಕಳಿಸು."